ನೂರ ಮೂವತ್ತೋ, ನೂರ ನಲವತ್ತೋ: ಬಿಪಿ ಮಾರ್ಗಸೂಚಿಗಳನ್ನು ಓದುವ ಬಗೆ

ರಕ್ತದೊತ್ತಡ 136/84. ತುಮಕೂರಿನ ಮರಳೂರಿನ ಯಾವುದಾದರೂ ಕ್ಲಿನಿಕ್ಕಿನಲ್ಲಿ ಈ ಅಂಕಿ ಬಂದರೆ, "ಬಾರ್ಡರ್‌ನಲ್ಲಿದೆ, ಉಪ್ಪು ಕಮ್ಮಿ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ" ಎಂದು ವೈದ್ಯರು ಕಳಿಸಿಕೊಡುವುದೇ ಹೆಚ್ಚು. ಅದೇ ವ್ಯಕ್ತಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಅಲ್ಲಿ ತೋರಿಸಿದರೆ "ಅಧಿಕ ರಕ್ತದೊತ್ತಡ, ಮೊದಲನೇ ಹಂತ" ಎಂದು ದಾಖಲಾಗುತ್ತದೆ. ಲಂಡನ್ನಿನಲ್ಲಿ ಅದು ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘವಂತೂ 2024ರಲ್ಲಿ ಇದಕ್ಕೆ "ಏರಿದ ಒತ್ತಡ" ಎಂಬ ಹೊಸ ಹೆಸರನ್ನೇ ಕೊಟ್ಟಿದೆ. ಕಾಯಿಲೆ ಎನ್ನುವಂತೆಯೂ ಇಲ್ಲ, ಸರಿಯಾಗಿದೆ ಎಂದು ಸುಮ್ಮನಿರುವಂತೆಯೂ ಇಲ್ಲ ಎಂಬುದು ಅದರ ಅರ್ಥ.

ಮಗಳು ವಿಡಿಯೋ ಕಾಲ್‌ನಲ್ಲಿ "ಅಪ್ಪಾ, ಇಲ್ಲಿ 130 ದಾಟಿದರೇ ಬಿಪಿ ಅಂತಾರೆ" ಎಂದಾಗ ಇಲ್ಲಿ ಮನೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಒಂದು, ನಮ್ಮ ಡಾಕ್ಟ್ರಿಗೆ ಹೊಸದು ಗೊತ್ತಿಲ್ಲ ಎಂಬುದು. ಇನ್ನೊಂದು, ಇದೆಲ್ಲ ಮಾತ್ರೆ ಮಾರುವವರ ಆಟ ಎಂಬುದು. ಎರಡೂ ತಪ್ಪು. ಎರಡನೆಯದು ಅಪಾಯಕಾರಿ ಕೂಡ, ಏಕೆಂದರೆ ಆ ಮಾತನ್ನು ನಂಬಿ 160 ಇದ್ದವರೂ ಮಾತ್ರೆ ನಿಲ್ಲಿಸುತ್ತಾರೆ. ಆದ್ದರಿಂದ ಈ ಗೆರೆಗಳನ್ನು ಯಾರು, ಯಾವ ಆಧಾರದ ಮೇಲೆ ಎಳೆಯುತ್ತಾರೆ, ಅವು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ತಾಳ್ಮೆಯಿಂದ ನೋಡುವುದು ಒಳ್ಳೆಯದು.

ಗೆರೆ ಎಲ್ಲಿಂದ ಬಂತು

ಮೇಲಿನ ಅಂಕಿ ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಹೃದಯ ಸಡಿಲವಾದಾಗಿನ ಒತ್ತಡ. ಗುಬ್ಬಿ ಕಡೆಯ ತೆಂಗಿನ ತೋಟದಲ್ಲಿ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪು ತಡೆಯುವುದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ದಿನವೂ ಮೋಟರ್ ಓಡಿಸಿದರೆ ಪೈಪು ಅಂದೇ ಒಡೆಯುವುದಿಲ್ಲ. ವರ್ಷಗಟ್ಟಲೆ ಆದ ಮೇಲೆ ಜೋಡಣೆಗಳು ಸಡಿಲವಾಗುತ್ತವೆ, ಮೋಟರೂ ಸೋಲುತ್ತದೆ. ರಕ್ತನಾಳದ ಒಳಪದರಕ್ಕೆ ಆಗುವುದೂ ಇಂಥದೇ ಸವೆತ. ಸವೆದ ಜಾಗದಲ್ಲಿ ಕೊಬ್ಬು ಕೂತು ಹೃದಯಾಘಾತ, ಮಿದುಳಿನ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವ, ಮೂತ್ರಪಿಂಡದ ಸಣ್ಣ ನಾಳಗಳು ಹಾಳಾದರೆ ಕಿಡ್ನಿ ವೈಫಲ್ಯ, ಹೃದಯದ ಸ್ನಾಯು ದಪ್ಪವಾಗಿ ದಣಿದರೆ ಹೃದಯ ವೈಫಲ್ಯ.

ಈ ಅಪಾಯ ಯಾವ ಅಂಕಿಯಿಂದ ಶುರುವಾಗುತ್ತದೆ? 2002ರಲ್ಲಿ 61 ಅಧ್ಯಯನಗಳ ಸುಮಾರು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಉತ್ತರ ಇಂದಿಗೂ ಎಲ್ಲ ಮಾರ್ಗಸೂಚಿಗಳ ತಳಹದಿ. 40ರಿಂದ 69 ವಯಸ್ಸಿನವರಲ್ಲಿ, 115/75ರಿಂದ ಮೇಲೆ, ಮೇಲಿನ ಅಂಕಿ ಪ್ರತಿ 20 ಏರಿದಂತೆ ಅಥವಾ ಕೆಳಗಿನದು ಪ್ರತಿ 10 ಏರಿದಂತೆ ಹೃದಯ ಮತ್ತು ಲಕ್ವದಿಂದ ಸಾಯುವ ಅಪಾಯ ಸುಮಾರು ಇಮ್ಮಡಿಯಾಗುತ್ತ ಹೋಗುತ್ತದೆ. ನಡುವೆ ಎಲ್ಲೂ ಮೆಟ್ಟಿಲಿಲ್ಲ. 139 ಇದ್ದವರು ಸುರಕ್ಷಿತ, 141 ಇದ್ದವರು ರೋಗಿ ಎಂದು ದೇಹ ಎಲ್ಲೂ ಹೇಳಿಲ್ಲ.

ಹಾಗಾಗಿ ಗೆರೆಯನ್ನು ಮನುಷ್ಯರೇ ಎಳೆಯಬೇಕು. ಎಳೆಯುವ ಸೂತ್ರ ಒಂದೇ: ಯಾವ ಅಂಕಿಯ ಮೇಲೆ ಮಾತ್ರೆ ಕೊಡುವುದರಿಂದ ಆಗುವ ಲಾಭ ಅದರ ತೊಂದರೆ ಮತ್ತು ಖರ್ಚಿಗಿಂತ ಹೆಚ್ಚು? ಲಾಭ ಎಷ್ಟು ಎಂಬುದರಲ್ಲಿ ತಜ್ಞರಿಗೆ ಅಷ್ಟೇನೂ ಜಗಳವಿಲ್ಲ. ತೊಂದರೆಗೆ ಎಷ್ಟು ತೂಕ ಕೊಡಬೇಕು, ಖರ್ಚು ಯಾರು ಹೊರುತ್ತಾರೆ, ಊರಿನಲ್ಲಿ ಎಷ್ಟು ವೈದ್ಯರಿದ್ದಾರೆ ಎಂಬಲ್ಲಿ ದೇಶದಿಂದ ದೇಶಕ್ಕೆ ಲೆಕ್ಕ ಬದಲಾಗುತ್ತದೆ.

ಅಮೆರಿಕದ ಏರಿಳಿತ

ಗೊಂದಲದ ಹೆಚ್ಚಿನ ಪಾಲು ಅಮೆರಿಕದಿಂದಲೇ ಬಂದಿದೆ. 2003ರ ಅಲ್ಲಿನ ರಾಷ್ಟ್ರೀಯ ಸಮಿತಿಯ ಏಳನೆಯ ವರದಿ ಎಲ್ಲರಿಗೂ 140/90ಕ್ಕಿಂತ ಕೆಳಗೆ, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ಕಾಯಿಲೆ ಇದ್ದವರಿಗೆ 130/80ಕ್ಕಿಂತ ಕೆಳಗೆ ಎಂದಿತ್ತು. ಹತ್ತು ವರ್ಷದ ನಂತರ ಬಂದ ಎಂಟನೆಯ ತಂಡ ತನ್ನ ಮುಂದಿದ್ದ ಪುರಾವೆಯನ್ನು ಬಿಗಿಯಾಗಿ ಜರಡಿ ಹಿಡಿದು, 60 ದಾಟಿದವರಿಗೆ 150/90 ಸಾಕು ಎಂದು ಗುರಿಯನ್ನು ಸಡಿಲಿಸಿತು. ತಂಡದೊಳಗೇ ಕೆಲವರು ಒಪ್ಪದೆ ಬಹಿರಂಗವಾಗಿ ಭಿನ್ನಮತ ಬರೆದರು.

ಆಮೇಲೆ 2015ರಲ್ಲಿ ಸ್ಪ್ರಿಂಟ್ ಎಂಬ ಪ್ರಯೋಗದ ಫಲಿತಾಂಶ ಬಂತು. 50 ದಾಟಿದ, ಹೃದಯದ ಅಪಾಯ ಹೆಚ್ಚಿದ್ದ, ಆದರೆ ಸಕ್ಕರೆ ಕಾಯಿಲೆ ಇಲ್ಲದ, ಲಕ್ವ ಆಗಿರದ 9,361 ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಮೇಲಿನ ಅಂಕಿ 140ಕ್ಕಿಂತ ಕೆಳಗೆ, ಇನ್ನೊಂದಕ್ಕೆ 120ಕ್ಕಿಂತ ಕೆಳಗೆ ಎಂದು ಗುರಿ ಇಟ್ಟರು. ಬಿಗಿ ಗುರಿಯ ಗುಂಪಿನಲ್ಲಿ ಹೃದಯಾಘಾತ, ಲಕ್ವ, ಹೃದಯ ವೈಫಲ್ಯ ಮುಂತಾದವು ಒಟ್ಟಾರೆ ಕಾಲುಭಾಗ ಕಡಿಮೆಯಾದವು, ಸಾವು ಕೂಡ ಶೇ 27ರಷ್ಟು ಇಳಿಯಿತು. ಲಾಭ ಇಷ್ಟು ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅದೇ ಗುಂಪಿನಲ್ಲಿ ತಲೆಸುತ್ತಿ ಬೀಳುವುದು, ಸೋಡಿಯಂ-ಪೊಟ್ಯಾಸಿಯಂ ಏರುಪೇರು, ಕಿಡ್ನಿಗೆ ದಿಢೀರ್ ಪೆಟ್ಟು ಇವೂ ಹೆಚ್ಚಾದವು. ತೊಂದರೆಗಳ ಈ ಮಾತನ್ನು ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ.

ಸ್ಪ್ರಿಂಟ್‌ನ ಬಲದ ಮೇಲೆ 2017ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಕಾಯಿಲೆಯ ವ್ಯಾಖ್ಯೆಯನ್ನೇ 130/80ಕ್ಕೆ ಇಳಿಸಿದವು. ಆ ದೇಶದ ವಯಸ್ಕರಲ್ಲಿ ಅಧಿಕ ರಕ್ತದೊತ್ತಡ ಉಳ್ಳವರ ಪ್ರಮಾಣ ಶೇ 32ರಿಂದ ಶೇ 46ಕ್ಕೆ ಏರಿತು. ಇಷ್ಟನ್ನೇ ಕೇಳಿದರೆ ಮಾತ್ರೆ ಕಂಪನಿಗಳ ಹಬ್ಬ ಎನಿಸುತ್ತದೆ. ಆದರೆ ಮಾತ್ರೆ ಬೇಕಾದವರ ಪ್ರಮಾಣ ಹೆಚ್ಚಾದದ್ದು ಸುಮಾರು ಶೇ 2ರಷ್ಟು ಮಾತ್ರ. ಏಕೆಂದರೆ 130ರಿಂದ 139ರ ನಡುವೆ ಇದ್ದವರಿಗೆಲ್ಲ ಮಾತ್ರೆ ಕೊಡಿ ಎಂದು ಆ ಮಾರ್ಗಸೂಚಿ ಹೇಳಲೇ ಇಲ್ಲ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದರೆ, ಅಥವಾ ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ-ಲಕ್ವದ ಸಾಧ್ಯತೆ ಶೇ 10 ಅಥವಾ ಹೆಚ್ಚಿದ್ದರೆ ಮಾತ್ರೆ, ಉಳಿದವರಿಗೆ ಊಟ, ನಡಿಗೆ, ತೂಕ. 2025ರ ಆಗಸ್ಟಿನಲ್ಲಿ ಇದರ ಪರಿಷ್ಕೃತ ರೂಪ ಬಂತು. 130/80ರ ಗೆರೆ ಹಾಗೇ ಉಳಿಯಿತು. ಅಪಾಯ ಲೆಕ್ಕ ಹಾಕುವ ಸೂತ್ರ ಬದಲಾಯಿತು, ಕಡಿಮೆ ಅಪಾಯದವರಲ್ಲೂ ಮೂರರಿಂದ ಆರು ತಿಂಗಳ ಪಥ್ಯ-ನಡಿಗೆಯಿಂದ ಇಳಿಯದಿದ್ದರೆ ಮಾತ್ರೆ ಶುರುಮಾಡಿ ಎಂಬ ಮಾತು ಸೇರಿತು.

ಯುರೋಪು, ಬ್ರಿಟನ್, ವಿಶ್ವ ಆರೋಗ್ಯ ಸಂಸ್ಥೆ, ನಾವು

ಯುರೋಪಿನವರು 140/90ರ ವ್ಯಾಖ್ಯೆಯನ್ನು ಬಿಟ್ಟುಕೊಟ್ಟಿಲ್ಲ. ಆದರೆ ಚಿಕಿತ್ಸೆ ಶುರುವಾದ ಮೇಲಿನ ಗುರಿಯಲ್ಲಿ ಅವರು ಅಮೆರಿಕದವರಷ್ಟೇ ಬಿಗಿ. 2024ರ ಹೃದ್ರೋಗ ಸಂಘದ ಮಾರ್ಗಸೂಚಿ ಮೇಲಿನ ಅಂಕಿಯನ್ನು, ರೋಗಿ ತಡೆದುಕೊಳ್ಳುವುದಾದರೆ, 120ರಿಂದ 129ರೊಳಗೆ ತರಬೇಕೆನ್ನುತ್ತದೆ. ತಡೆಯಲಾಗದಿದ್ದರೆ ಎಷ್ಟು ಇಳಿಸಲು ಸಾಧ್ಯವೋ ಅಷ್ಟು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಸಡಿಲ: 80 ವರ್ಷದೊಳಗಿನವರಿಗೆ 140/90ರ ಕೆಳಗೆ, 80 ದಾಟಿದವರಿಗೆ 150/90ರ ಕೆಳಗೆ. ಅಲ್ಲಿ ಸರ್ಕಾರವೇ ಎಲ್ಲರ ಚಿಕಿತ್ಸೆಯ ಖರ್ಚು ಹೊರುವುದರಿಂದ ಖರ್ಚಿಗೆ ತಕ್ಕ ಫಲ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ಬರೆಯುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಬ್ರಿಟನ್ ಬಲು ಕಟ್ಟುನಿಟ್ಟು. ಕ್ಲಿನಿಕ್ಕಿನ ಅಳತೆಯೊಂದನ್ನೇ ನಂಬಿ ರೋಗ ಇದೆ ಎನ್ನುವಂತಿಲ್ಲ. 24 ಗಂಟೆ ತೋಳಿಗೆ ಕಟ್ಟುವ ಯಂತ್ರದಿಂದ ಅಥವಾ ಮನೆಯಲ್ಲಿ ಅಳೆದ ಅಂಕಿಗಳಿಂದ ಖಚಿತ ಮಾಡಿಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ನಮ್ಮಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಯಾರೇ ಆಗಲಿ 140/90 ಖಚಿತವಾದರೆ ಮಾತ್ರೆ. 130ರಿಂದ 139 ಇದ್ದವರಲ್ಲಿ ಆಗಲೇ ಹೃದಯದ ಕಾಯಿಲೆ ಇದ್ದರೆ ಮಾತ್ರೆ ಕೊಡಲೇಬೇಕು, ಸಕ್ಕರೆ, ಕಿಡ್ನಿ ಕಾಯಿಲೆ ಅಥವಾ ಹೆಚ್ಚಿನ ಅಪಾಯ ಇದ್ದರೆ ಕೊಡುವುದು ಒಳಿತು. ಗುರಿ ಎಲ್ಲರಿಗೂ 140/90ರ ಕೆಳಗೆ, ಹೃದಯದ ಕಾಯಿಲೆ ಇದ್ದವರಿಗೆ ಮೇಲಿನ ಅಂಕಿ 130ರ ಕೆಳಗೆ. ರಕ್ತಪರೀಕ್ಷೆ, ಇಸಿಜಿ ಸಿಗಲಿಲ್ಲವೆಂದು ಚಿಕಿತ್ಸೆಯನ್ನು ತಡಮಾಡಬೇಡಿ ಎಂದೂ, ತರಬೇತಿ ಪಡೆದ ನರ್ಸ್ ಮತ್ತು ಔಷಧ ತಜ್ಞರು ವೈದ್ಯರ ಉಸ್ತುವಾರಿಯಲ್ಲಿ ಚಿಕಿತ್ಸೆ ಮುಂದುವರಿಸಬಹುದೆಂದೂ ಅದು ಹೇಳುತ್ತದೆ. ನಮ್ಮ ಹಳ್ಳಿಗಳಿಗೆ ಈ ಎರಡು ಮಾತುಗಳ ಬೆಲೆ ದೊಡ್ಡದು.

ಭಾರತದಲ್ಲಿ ಫಿಸಿಷಿಯನ್‌ಗಳ ಸಂಘ 2019ರಲ್ಲಿ ತಂದ ನಾಲ್ಕನೆಯ ಮಾರ್ಗಸೂಚಿ 140/90ರ ವ್ಯಾಖ್ಯೆಯನ್ನೇ ಉಳಿಸಿಕೊಂಡಿತು. ಸರ್ಕಾರಿ ಆಸ್ಪತ್ರೆಗಳ ಸರಳ ಚಿಕಿತ್ಸಾ ಕ್ರಮವೂ ಅದೇ ಗೆರೆಯ ಮೇಲೆ ನಿಂತಿದೆ. ಇದನ್ನು ಹಿಂದುಳಿದಿರುವಿಕೆ ಎಂದು ಭಾವಿಸಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ದಾಟಿದ ಹೆಂಗಸರಲ್ಲಿ ಶೇ 21, ಗಂಡಸರಲ್ಲಿ ಶೇ 24 ಮಂದಿಗೆ ಬಿಪಿ ಇದೆ ಅಥವಾ ಅವರು ಅದಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಾರೆ. ಇವರಲ್ಲಿ ದೊಡ್ಡ ಪಾಲಿಗೆ ತಮಗೆ ಬಿಪಿ ಇರುವುದೇ ತಿಳಿದಿಲ್ಲ. 170 ಇದ್ದವರು ಕ್ಲಿನಿಕ್ಕಿಗೇ ಬಾರದಿರುವಾಗ 132 ಇದ್ದವರ ಹಿಂದೆ ಆರೋಗ್ಯ ಸಿಬ್ಬಂದಿಯನ್ನು ಓಡಿಸುವುದು ಸರಿಯಲ್ಲ ಎಂಬ ತೀರ್ಮಾನ ಇದರ ಹಿಂದಿದೆ. ನನಗೆ ಆ ತೀರ್ಮಾನ ಸರಿ ಎನಿಸುತ್ತದೆ. ಆದರೆ ಅದು ಇಡೀ ಜನಸಮುದಾಯದ ಲೆಕ್ಕ. ವೈದ್ಯರ ಎದುರು ಕೂತ ಒಬ್ಬ ವ್ಯಕ್ತಿಯ ಲೆಕ್ಕ ಬೇರೆಯಾಗಬಹುದು.

ಒಂದೇ ಅಂಕಿ, ಮೂವರು ಜನ

ಅದೇ 136/84 ಅನ್ನು ಮೂವರ ಮೇಲೆ ಇಟ್ಟು ನೋಡೋಣ. ಮೂವರೂ ಕಲ್ಪನೆಯವರು, ಆದರೆ ಇಂಥವರು ನಮ್ಮ ಸುತ್ತ ಇದ್ದಾರೆ.

ಮೊದಲನೆಯವರು ಮರಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ 38ರ ಮೇಡಂ. ಸಕ್ಕರೆ ಇಲ್ಲ, ತಂಬಾಕು ಇಲ್ಲ, ತಂದೆ ತಾಯಿಗೆ ಹೃದಯದ ತೊಂದರೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ, ಬ್ರಿಟನ್ನಿನ, ನಮ್ಮ ದೇಶದ ಮಾರ್ಗಸೂಚಿಗಳು ಮೂರೂ ಇವರಿಗೆ ಮಾತ್ರೆ ಬೇಡ ಎನ್ನುತ್ತವೆ. ಯುರೋಪಿನದು ಪಥ್ಯ, ನಡಿಗೆ, ಮತ್ತೆ ಅಳತೆ ಎನ್ನುತ್ತದೆ. ಅಮೆರಿಕದ್ದು ಕಾಯಿಲೆ ಎಂದು ಹೆಸರಿಟ್ಟರೂ ಮೊದಲು ಕೊಡುವುದು ಪಥ್ಯ ಮತ್ತು ನಡಿಗೆಯನ್ನೇ, ಮೂರರಿಂದ ಆರು ತಿಂಗಳಾದರೂ ಇಳಿಯದಿದ್ದರೆ ಮಾತ್ರ ಮಾತ್ರೆಯ ಮಾತು. ಅಂದರೆ ಇಂದು ಸಂಜೆ ಇವರು ಮಾಡಬೇಕಾದ ಕೆಲಸ ಐದೂ ಕಡೆ ಒಂದೇ.

ಎರಡನೆಯವರು ಗುಬ್ಬಿ ತಾಲ್ಲೂಕಿನ 58ರ ತೆಂಗು-ಅಡಿಕೆ ಬೆಳೆಗಾರ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆ ಒಂದು ಕಟ್ಟು ಬೀಡಿ. ಭೇದ ನಿಜವಾಗಿ ಕಾಣುವುದು ಇವರಲ್ಲಿ. ಅಮೆರಿಕದ ಪ್ರಕಾರ ಇಂದೇ ಮಾತ್ರೆ. ಯುರೋಪಿನ ಪ್ರಕಾರ ಮೂರು ತಿಂಗಳು ಪಥ್ಯ ನೋಡಿ ಆಮೇಲೆ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕೊಡುವುದು ಒಳಿತು. ನಮ್ಮ ಸರಳ ಕ್ರಮದ ಪ್ರಕಾರ 140 ದಾಟಿಲ್ಲ, ಮುಂದಿನದು ವೈದ್ಯಾಧಿಕಾರಿಯ ವಿವೇಚನೆ. ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇಷ್ಟು ತೊಳಲಾಟ ಇರುವುದಕ್ಕೆ ಕಾರಣವಿದೆ. 2010ರಲ್ಲಿ ಬಂದ ಅಕಾರ್ಡ್ ಪ್ರಯೋಗದಲ್ಲಿ 4,733 ಸಕ್ಕರೆ ರೋಗಿಗಳ ಒತ್ತಡವನ್ನು 120ರ ಕೆಳಗೆ ಇಳಿಸಿದಾಗ ಲಕ್ವ ಕಡಿಮೆಯಾದರೂ ಒಟ್ಟು ಲೆಕ್ಕದಲ್ಲಿ ಖಚಿತವಾದ ಲಾಭ ಕಾಣಲಿಲ್ಲ. 2024ರಲ್ಲಿ ಚೀನಾದಲ್ಲಿ 12,821 ಸಕ್ಕರೆ ರೋಗಿಗಳ ಮೇಲೆ ಅದೇ ಗುರಿಯ ದೊಡ್ಡ ಪ್ರಯೋಗ ಮುಗಿದಾಗ ಹೃದಯ-ಲಕ್ವದ ಘಟನೆಗಳು ಶೇ 21ರಷ್ಟು ಇಳಿದಿದ್ದವು. ಹಾಗಾಗಿ ಈಗ ಗಾಳಿ ಬಿಗಿ ಗುರಿಯ ಕಡೆಗೆ ಬೀಸುತ್ತಿದೆ. ಗುಬ್ಬಿಯ ಈ ರೈತರು ನನ್ನ ಮನೆಯವರಾಗಿದ್ದರೆ, ಬೀಡಿ ಬಿಡಿಸುವ ಪ್ರಯತ್ನದ ಜೊತೆಗೇ ವೈದ್ಯರ ಬಳಿ ಮಾತ್ರೆಯ ವಿಷಯ ಎತ್ತುತ್ತಿದ್ದೆ. 136 ತಾನೇ ಎಂದು ಬಿಡುತ್ತಿರಲಿಲ್ಲ.

ಮೂರನೆಯವರು ಕುಣಿಗಲ್ಲಿನ 82ರ ಅಜ್ಜಿ. ಆಗಲೇ ಎರಡು ಮಾತ್ರೆ ನುಂಗುತ್ತಿದ್ದಾರೆ, 136/84 ಬಂದದ್ದು ಮಾತ್ರೆಯ ಮೇಲೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ, ಹೋದ ತಿಂಗಳು ಬಚ್ಚಲ ಬಳಿ ಬಿದ್ದಿದ್ದರು. 80 ದಾಟಿದವರಿಗೂ ಚಿಕಿತ್ಸೆಯಿಂದ ಲಾಭವಿದೆ ಎಂದು 2008ರ ಹೈವೆಟ್ ಪ್ರಯೋಗ ತೋರಿಸಿದೆ. ಆದರೆ ಅದರಲ್ಲಿ ಇಟ್ಟ ಗುರಿ 150/80. ಅಜ್ಜಿಗೆ ಒತ್ತಡವನ್ನು ಇನ್ನೂ ಇಳಿಸುವ ಹಟ ಬೇಡ. ಕೂತಾಗ ಅಳೆದು, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಹೆಚ್ಚು ಕುಸಿದರೆ ಮಾತ್ರೆಗಳನ್ನು ವೈದ್ಯರು ಮರುಪರಿಶೀಲಿಸಬೇಕು. ತೊಡೆಯ ಮೂಳೆ ಮುರಿದರೆ ಈ ವಯಸ್ಸಿನಲ್ಲಿ ಅದೂ ಪ್ರಾಣಕ್ಕೇ ಬರುತ್ತದೆ. ಇಲ್ಲಿ ಬಿಗಿ ಗುರಿಯ ಯುರೋಪಿನ ಮಾರ್ಗಸೂಚಿಯೂ ಸಡಿಲ ಬಿಡುತ್ತದೆ: 85 ದಾಟಿದವರು, ತೀರಾ ನಿಶ್ಶಕ್ತರು, ನಿಂತಾಗ ತಲೆ ತಿರುಗುವವರು ಬೇರೆ ಲೆಕ್ಕ.

ಅಪಾಯವನ್ನು ಹೀಗೆ ತೂಗಲು ದೊಡ್ಡ ಯಂತ್ರ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಪಂಚವನ್ನು 21 ಪ್ರದೇಶಗಳಾಗಿ ಮಾಡಿ ಬಣ್ಣದ ಚೌಕಗಳ ಪಟ್ಟಿ ಕೊಟ್ಟಿದೆ, ದಕ್ಷಿಣ ಏಷ್ಯಾಕ್ಕೂ ಒಂದಿದೆ. ವಯಸ್ಸು, ಗಂಡೋ ಹೆಣ್ಣೋ, ತಂಬಾಕು, ಎತ್ತರ-ತೂಕ, ಮೇಲಿನ ಅಂಕಿ ಇಷ್ಟು ಗೊತ್ತಿದ್ದರೆ ರಕ್ತಪರೀಕ್ಷೆ ಇಲ್ಲದೆಯೂ ಹತ್ತು ವರ್ಷದ ಅಪಾಯವನ್ನು ಅಂದಾಜು ಮಾಡಬಹುದು. ಮನೆಗೆ ಬರುವ ಆಶಾ ಕಾರ್ಯಕರ್ತೆ 30 ದಾಟಿದವರಿಂದ ತುಂಬಿಸಿಕೊಳ್ಳುವ ನಮೂನೆಯೂ ಇದೇ ದಾರಿಯದು. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದ ಇತಿಹಾಸಕ್ಕೆ ಅಂಕ ಕೊಟ್ಟು ಮೊತ್ತ 4 ದಾಟಿದರೆ ಬೇಗ ತಪಾಸಣೆಗೆ ಕಳಿಸುತ್ತಾರೆ. ಆಕೆ ಟೇಪು ಹಿಡಿದು ಬಂದಾಗ "ನಮಗೇನೂ ಇಲ್ಲಮ್ಮ" ಎಂದು ಬಾಗಿಲಿನಿಂದಲೇ ಕಳಿಸಬೇಡಿ.

ಅಳತೆಯೇ ತಪ್ಪಿದರೆ

ಮಾರ್ಗಸೂಚಿಗಳ ನಡುವಿನ ವ್ಯತ್ಯಾಸ ಹತ್ತು ಅಂಕಿಯದು. ಅಳೆಯುವ ರೀತಿ ತಪ್ಪಿದರೆ ಆಗುವ ವ್ಯತ್ಯಾಸವೂ ಹತ್ತು ಅಂಕಿಯದು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಈ ವಿಷಯಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುತ್ತೇನೆ.

ಜನ ತುಂಬಿದ ಕ್ಲಿನಿಕ್ಕಿನಲ್ಲಿ ಅಳತೆ ಹೇಗೆ ನಡೆಯುತ್ತದೆ ನೋಡಿ. ಬಸ್ಸಿಳಿದು, ಮೆಟ್ಟಿಲು ಹತ್ತಿ, ಚೀಟಿಗೆ ಸಾಲಿನಲ್ಲಿ ನಿಂತವರು ಕರೆದ ತಕ್ಷಣ ಬಂದು ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನ ಮೇಲೆ ಕೂರುತ್ತಾರೆ. ತುಂಬು ತೋಳಿನ ಶರ್ಟನ್ನು ಮೇಲಕ್ಕೆ ಸುತ್ತಿ ಏರಿಸಿದಾಗ ಅದೇ ತೋಳಿಗೆ ಬಿಗಿದ ಕಟ್ಟಾಗುತ್ತದೆ, ಅದರ ಕೆಳಗೆ ಪಟ್ಟಿ ಸುತ್ತುತ್ತಾರೆ. ತೋಳು ಗಾಳಿಯಲ್ಲಿ ಜೋತಿರುತ್ತದೆ. ಪಟ್ಟಿ ಉಬ್ಬುವಾಗಲೇ "ಮಂಡಿ ನೋವು ಹೇಗಿದೆ?" ಎಂಬ ಪ್ರಶ್ನೆ, ಅದಕ್ಕೆ ಉತ್ತರ. ಒಂದೇ ಸಲ ಅಳೆದು, ಹತ್ತಿರದ ಸೊನ್ನೆಗೆ ಹೊಂದಿಸಿ "150/90" ಎಂದು ಬರೆದಾಯಿತು. ಇದರಲ್ಲಿ ಪ್ರತಿಯೊಂದೂ ಅಂಕಿಯನ್ನು ಕೆಡಿಸುವಂಥದು.

ಸರಿಯಾದ ರೀತಿ ಎಲ್ಲ ದೇಶಗಳಲ್ಲೂ ಒಂದೇ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ-ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ತೋಳು ಬರಿದಾಗಿ, ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಒರಗಿರಬೇಕು. ದಪ್ಪ ತೋಳಿಗೆ ದೊಡ್ಡ ಪಟ್ಟಿ ಬೇಕು, ಚಿಕ್ಕದು ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಮೊದಲ ಸಲ ಎರಡೂ ತೋಳಿನಲ್ಲಿ ಅಳೆದು, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಬೇಕು.

ಸ್ಪ್ರಿಂಟ್ ಪ್ರಯೋಗದಲ್ಲಿ ಹೀಗೇ ಅಳೆದಿದ್ದರು. ತಾನಾಗಿ ಅಳೆಯುವ ಯಂತ್ರ ಕಟ್ಟಿ, ಬಹಳ ಕಡೆ ರೋಗಿಯನ್ನು ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟು, ಐದು ನಿಮಿಷದ ಮೌನದ ನಂತರ ಮೂರು ಅಳತೆಯ ಸರಾಸರಿ. ಆ 120 ನಮ್ಮ ಗದ್ದಲದ ಕ್ಲಿನಿಕ್ಕಿನಲ್ಲಿ ಇನ್ನೂ ಮೇಲಿನ ಅಂಕಿಯಾಗಿ ಕಾಣುತ್ತದೆ. ಗದ್ದಲದಲ್ಲಿ ಅಳೆದ ಅಂಕಿಯನ್ನು 120ಕ್ಕೆ ಇಳಿಸಹೊರಟರೆ ರೋಗಿ ತಲೆಸುತ್ತಿ ಬೀಳುತ್ತಾನೆ. ಬಿಗಿ ಗುರಿ ಬೇಕೆನ್ನುವವರು ಬಿಗಿ ಅಳತೆಯನ್ನೂ ಒಪ್ಪಿಕೊಳ್ಳಬೇಕು.

ಮನೆಯಲ್ಲಿ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಇದ್ದರೆ ಬಹಳ ಅನುಕೂಲ. ಮಣಿಕಟ್ಟಿನ ಯಂತ್ರ ಅಷ್ಟು ನಂಬಿಕೆಯದಲ್ಲ. ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ, ಒಂದು ವಾರ ಅಳೆದು ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಕ್ಲಿನಿಕ್ಕಿನ 140/90ಕ್ಕೆ ಮನೆಯ ಅಳತೆಯಲ್ಲಿ 135/85 ಸಮ. ಕ್ಲಿನಿಕ್ಕಿನಲ್ಲಿ ಮಾತ್ರ ಏರುವ, ಮನೆಯಲ್ಲಿ ಸರಿಯಿರುವವರಿದ್ದಾರೆ. ಅದರ ತಲೆಕೆಳಗಿನವರೂ ಇದ್ದಾರೆ, ಅವರೇ ಹೆಚ್ಚು ಅಪಾಯದಲ್ಲಿರುವವರು.

ಮಾತ್ರೆಯ ವಿಷಯದಲ್ಲಿ ಒಮ್ಮತ

ಯಾವಾಗ ಶುರು ಮಾಡಬೇಕು ಎಂಬುದರಲ್ಲಿ ಭಿನ್ನಮತವಿದ್ದರೂ ಏನು ಕೊಡಬೇಕು ಎಂಬುದರಲ್ಲಿ ಬಹುತೇಕ ಒಮ್ಮತವಿದೆ. ಆಮ್ಲೋಡಿಪಿನ್ ಥರದವು, ಟೆಲ್ಮಿಸಾರ್ಟನ್ ಥರದವು, ಎನಲಾಪ್ರಿಲ್-ರಾಮಿಪ್ರಿಲ್ ಥರದವು, ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್-ಇಂಡಪಮೈಡ್ ಥರದವು. ಈ ನಾಲ್ಕು ಗುಂಪುಗಳಿಂದಲೇ ಆರಂಭ. ನಮ್ಮಲ್ಲಿ ತುಂಬಾ ಬಳಕೆಯಲ್ಲಿರುವ ಅಟೆನೊಲಾಲ್ ಗುಂಪು ಹೃದಯಾಘಾತ ಆದವರಿಗೆ, ಹೃದಯ ಬಡಿತದ ತೊಂದರೆ ಇದ್ದವರಿಗೆ ಬೇಕಾದದ್ದು, ಬರೀ ಬಿಪಿಗೆ ಮೊದಲ ಆಯ್ಕೆಯಲ್ಲ. ಹಾಗೆಂದು ತೆಗೆದುಕೊಳ್ಳುತ್ತಿರುವವರು ಒಮ್ಮೆಗೇ ನಿಲ್ಲಿಸಬಾರದು, ಅದು ಅಪಾಯ. (ಒತ್ತಡ ಇಳಿಸುವ ಔಷಧಿಗಳ ಆರಂಭದ ಅಧ್ಯಾಯದಲ್ಲಿ ನಮ್ಮ ಸರ್ಪಗಂಧದ ಬೇರೂ ಇದೆ. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಅದರ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಪ್ರಪಂಚ ಅತ್ತ ತಿರುಗಿತು. ಈಗ ಅದಕ್ಕಿಂತ ಸುರಕ್ಷಿತವಾದವು ಬಂದಿವೆ.)

ಒಂದೇ ಮಾತ್ರೆಯನ್ನು ದುಪ್ಪಟ್ಟು ಮಾಡುವುದಕ್ಕಿಂತ ಎರಡು ಗುಂಪಿನ ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಸೇರಿಸುವುದು ಹೆಚ್ಚು ಇಳಿಸುತ್ತದೆ, ತೊಂದರೆಯೂ ಕಡಿಮೆ. ಹೀಗಾಗಿ ಎರಡು ಔಷಧ ಸೇರಿದ ಒಂದೇ ಮಾತ್ರೆಗೆ ಈಗ ಎಲ್ಲರ ಒಲವು. ಯಾವ ಜೋಡಿ ಮೇಲು ಎಂಬ ಪ್ರಶ್ನೆಗೆ ಭಾರತದಲ್ಲೇ ಉತ್ತರ ಹುಡುಕಿದ್ದಾರೆ. ಟಾಪ್‌ಸ್ಪಿನ್ ಎಂಬ ಪ್ರಯೋಗದಲ್ಲಿ ದೇಶದ ಸುಮಾರು 2,000 ರೋಗಿಗಳಿಗೆ ಮೂರು ಬೇರೆ ಬೇರೆ ಜೋಡಿ ಕೊಟ್ಟು ನೋಡಿದರು, ಮೂರೂ ಸಮವಾಗಿ ಕೆಲಸ ಮಾಡಿದವು, ಹತ್ತಕ್ಕೆ ಸುಮಾರು ಏಳು ಮಂದಿ 140/90ರ ಕೆಳಗೆ ಬಂದರು. ಬ್ರ್ಯಾಂಡಿನ ಹೆಸರು ಯಾವುದು ಎಂಬ ಚಿಂತೆಗಿಂತ ದಿನವೂ ನುಂಗುವುದು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

2017ರ ನವೆಂಬರಿನಲ್ಲಿ ಐದು ರಾಜ್ಯಗಳಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಇದನ್ನೇ ಸರ್ಕಾರಿ ಮಟ್ಟದಲ್ಲಿ ಮಾಡಿ ತೋರಿಸಿತು. ರಾಜ್ಯಕ್ಕೊಂದು ಸರಳ ಕ್ರಮ, ಸಾಮಾನ್ಯವಾಗಿ ಆಮ್ಲೋಡಿಪಿನ್ 5 ಮಿಲಿಗ್ರಾಂನಿಂದ ಶುರು, ಇಳಿಯದಿದ್ದರೆ ಟೆಲ್ಮಿಸಾರ್ಟನ್ 40 ಸೇರ್ಪಡೆ, ಆಮೇಲೆ ಪ್ರಮಾಣ ಹೆಚ್ಚಳ, ಕೊನೆಗೆ ಕ್ಲೋರ್ಥಾಲಿಡೋನ್. ಒಮ್ಮೆಗೆ ಮೂವತ್ತು ದಿನದ ಮಾತ್ರೆ, ಬಾರದವರಿಗೆ ಫೋನು. ತುಮಕೂರಿಗೆ ಈ ಬಗೆಯ ಕೆಲಸ ಹೊಸದಲ್ಲ. ಸಕ್ಕರೆ, ಬಿಪಿ, ಕ್ಯಾನ್ಸರ್ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ದೇಶದ 100 ಜಿಲ್ಲೆಗಳಿಗೆಂದು ಹೊರಟಾಗ ಕರ್ನಾಟಕದಿಂದ ಆರಿಸಿದ ಐದು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕುಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನಗರದ 'ನಮ್ಮ ಕ್ಲಿನಿಕ್'ಗಳಲ್ಲಿ ಬಿಪಿ ತಪಾಸಣೆಯೂ ಮಾತ್ರೆಯೂ ಉಚಿತ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆ ತಪಾಸಣೆಯನ್ನು ಮನೆ ಬಾಗಿಲಿಗೇ ತರುತ್ತಿದೆ. 2025ರ ಬೇಸಿಗೆ ಕಳೆದ ಮೇಲೆ ಹಾಸನದ ಹಠಾತ್ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಹೆದರಿದ ಜನ ಮೈಸೂರಿನ, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಮುಂಜಾನೆಯಿಂದಲೇ ಸಾಲು ನಿಂತರು. ಅವರಲ್ಲಿ ಬಹಳ ಜನಕ್ಕೆ ಮೊದಲು ಬೇಕಾಗಿದ್ದದ್ದು ತಮ್ಮ ಊರಿನ ಆರೋಗ್ಯ ಕೇಂದ್ರದಲ್ಲೇ ಸಿಗುವ ಬಿಪಿ, ಸಕ್ಕರೆಯ ಪರೀಕ್ಷೆ.

ಅಡ್ಡಪರಿಣಾಮ ತಿಳಿದಿದ್ದರೆ ಮಾತ್ರೆ ಬಿಡುವವರು ಕಡಿಮೆಯಾಗುತ್ತಾರೆ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದದ ಗಂಟು ಊದುತ್ತದೆ. ಎನಲಾಪ್ರಿಲ್ ಗುಂಪಿನಿಂದ ಒಣಕೆಮ್ಮು. ಟೆಲ್ಮಿಸಾರ್ಟನ್ ಮತ್ತು ಎನಲಾಪ್ರಿಲ್ ಗುಂಪು ಗರ್ಭಿಣಿಯರಿಗೆ, ಮಗು ಬೇಕೆಂದಿರುವವರಿಗೆ ಬೇಡವೇ ಬೇಡ. ಕ್ಲೋರ್ಥಾಲಿಡೋನ್‌ನಿಂದ ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು. ಇವೆಲ್ಲಕ್ಕೂ ವೈದ್ಯರ ಬಳಿ ಬದಲಿ ಇದೆ. ಇನ್ನೊಂದು ಮಾತನ್ನು ಹಳ್ಳಿಯ ಪ್ರತಿ ಮನೆಗೂ ಕೇಳಿಸಬೇಕು: ಮಂಡಿ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಗಳ ಜೊತೆ ಸೇರಿ ಕಿಡ್ನಿಯನ್ನು ಕೆಡಿಸುತ್ತವೆ.

ಉಪ್ಪು

ಐದೂ ಮಾರ್ಗಸೂಚಿಗಳು ಒಂದೇ ಸ್ವರದಲ್ಲಿ ಹೇಳುವ ಮಾತು ಉಪ್ಪಿನದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ ಸರಾಸರಿ 8 ಗ್ರಾಂ ಎಂದು ಕಂಡಿದೆ. ರಾಗಿಮುದ್ದೆಯಲ್ಲಿ ದೋಷವಿಲ್ಲ, ಅದನ್ನು ನುಂಗಿಸುವ ಉಪ್ಸಾರು, ಪಕ್ಕದ ಉಪ್ಪಿನಕಾಯಿ, ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇವುಗಳಲ್ಲಿ ಲೆಕ್ಕ ಅಡಗಿದೆ. ಸಾರಿಗೆ ಹಾಕುವ ಉಪ್ಪನ್ನು ವಾರಕ್ಕೆ ಸ್ವಲ್ಪದಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ, ಒಮ್ಮೆಗೇ ಇಳಿಸಿದರೆ ಮನೆಯಲ್ಲಿ ಜಗಳ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು ಅಂಗಡಿಗಳಲ್ಲಿ ಸಿಗುತ್ತದೆ. 2021ರಲ್ಲಿ ಪ್ರಕಟವಾದ ಚೀನಾದ ಹಳ್ಳಿಗಳ ಪ್ರಯೋಗವೊಂದರಲ್ಲಿ ಸುಮಾರು 21,000 ಜನರಲ್ಲಿ ಇಂಥ ಉಪ್ಪು ಬಳಸಿದವರಿಗೆ ಲಕ್ವ ಶೇ 14ರಷ್ಟು ಕಡಿಮೆಯಾಯಿತು. ಆದರೆ ಕಿಡ್ನಿ ಕಾಯಿಲೆ ಇದ್ದವರು ಇದನ್ನು ಮುಟ್ಟಬಾರದು. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ತೆಂಗಿನ ನಾಡಿನ ನಮಗೆ ಇನ್ನೊಂದು ಎಚ್ಚರಿಕೆ: ಕಿಡ್ನಿ ದುರ್ಬಲವಾದವರಿಗೆ ಎಳನೀರೂ ಅದೇ ಕಾರಣಕ್ಕೆ ಅಪಾಯ. ಉಳಿದ ಹೆಚ್ಚಿನವರು ಕುಡಿಯಬಹುದು.

ಅಂಕಿ 180/120 ಕಂಡರೆ

ಒಂದು ದಿನ ಮನೆಯ ಯಂತ್ರ 180/120 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಮೊದಲು ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಗೊಂದಲ ಇವುಗಳಲ್ಲಿ ಯಾವುದೊಂದು ಇದ್ದರೂ ತಡಮಾಡದೆ 108ಕ್ಕೆ ಕರೆ ಮಾಡಿ. ಎದೆನೋವಿದ್ದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯೇ ಸಾಕು, ಮೊದಲು ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಅಲ್ಲಿಂದಲೇ ಇಸಿಜಿಯನ್ನು ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಇಂಥ ಲಕ್ಷಣ ಒಂದೂ ಇಲ್ಲದಿದ್ದರೆ ಗಾಬರಿಯಿಂದ ಎರಡು ಮೂರು ಮಾತ್ರೆ ಒಟ್ಟಿಗೆ ನುಂಗಬೇಡಿ, ನಾಲಿಗೆಯ ಕೆಳಗೆ ಬಿಪಿ ಮಾತ್ರೆ ಇಡುವ ಹಳೆಯ ಪದ್ಧತಿಯೂ ಬೇಡ. ದಿಢೀರನೆ ಒತ್ತಡ ಕುಸಿದರೆ ಅದರಿಂದಲೇ ಲಕ್ವ ಆಗಬಹುದು. ಬಿಟ್ಟುಹೋದ ದಿನದ ಮಾತ್ರೆ ಇದ್ದರೆ ಅದನ್ನು ತೆಗೆದುಕೊಂಡು, ಆ ದಿನ ಅಥವಾ ಮರುದಿನವೇ, ಮನೆಯಲ್ಲಿ ಬರೆದಿಟ್ಟ ಅಂಕಿಗಳ ಚೀಟಿಯೊಂದಿಗೆ ವೈದ್ಯರನ್ನು ಕಾಣಿ.